ಅನುಭವವಾಗಲಿಲ್ಲ ಎಂದವರಿಗೆ ದೇವರು ದೂರವೇ?

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಓದುಗರ ಪತ್ರಗಳ ಅಂಕಣದಲ್ಲಿ ಕಳೆದ ತಿಂಗಳು ಇಬ್ಬರ ನಡುವೆ ನಡೆದ ವಾದ-ಪ್ರತಿವಾದವನ್ನು ಓದಿದೆ. ಇಡೀ ರಾತ್ರಿ ನಡೆಯುವ ಪ್ರಾರ್ಥನಾ ಕೂಟಗಳ ಸದ್ದಿನಿಂದ ಅಕ್ಕಪಕ್ಕದವರಿಗೆ ನಿದ್ರೆಯಿಲ್ಲದಂತಾಗಿದೆ ಎಂದು ಮೊದಲನೆಯವರು ಬರೆದಿದ್ದರು. ಅದಕ್ಕೆ ಉತ್ತರವಾಗಿ ಕ್ರೈಸ್ತ ವಿಶ್ವಾಸಿಯೊಬ್ಬರು, ಅಂಥ ಕೂಟಗಳಲ್ಲಿ ದೇವರ ಪ್ರಸನ್ನತೆ ಇಳಿದು ಬಂದಾಗ ಮೈ ನಡುಗುತ್ತದೆ, ಕಣ್ಣೀರು ತಾನಾಗಿಯೇ ಹರಿಯುತ್ತದೆ, ಹೊರಗೆ ನಿಂತವರಿಗೆ ಅದು ತಿಳಿಯುವುದಿಲ್ಲ ಎಂದು ವಿವರಿಸಿ, ಕೊನೆಗೆ, ಈ ಅನುಭವ ಒಮ್ಮೆಯೂ ಆಗದವರು ಹೆಸರಿಗೆ ಮಾತ್ರ ಕ್ರೈಸ್ತರು ಎಂಬ ಒಂದು ವಾಕ್ಯವನ್ನು ಸೇರಿಸಿದ್ದರು. ಸದ್ದಿನ ವಿಚಾರವನ್ನು ನೆರೆಹೊರೆಯವರು ಕೂತು ಮಾತಾಡಿ ಬಗೆಹರಿಸಿಕೊಳ್ಳಲಿ. ನನ್ನ ತಕರಾರು ಆ ಕೊನೆಯ ವಾಕ್ಯದ ಬಗ್ಗೆ.

ನಾನು 34 ವರ್ಷ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಸ್ವಿಟ್ಜರ್ಲೆಂಡಿನಿಂದ ಬಂದ ಪ್ರೊಟೆಸ್ಟಂಟ್ ಮಿಷನರಿ ಸಂಘವಾದ ಬಾಸೆಲ್ ಮಿಷನ್ನಿನ ಪರಂಪರೆಯ ಕರಾವಳಿಯ ಕ್ರೈಸ್ತ ಸಭೆಯಲ್ಲಿ ಬೆಳೆದೆ. ಈಗಲೂ ಅದೇ ಸಭೆಯ ಸದಸ್ಯೆ. ದೇವಶಾಸ್ತ್ರ ಕಲಿತವಳಲ್ಲ. ಆದ್ದರಿಂದ ಈ ಪತ್ರವನ್ನು ಬರೆಯದೆ ಸುಮ್ಮನಿರುತ್ತಿದ್ದೆನೇನೋ. ಆದರೆ ಎರಡು ವಾರದ ಹಿಂದೆ ಭಾನುವಾರದ ಆರಾಧನೆ ಮುಗಿದು ಎಲ್ಲರೂ ಅಂಗಳದಲ್ಲಿ ನಿಂತಿದ್ದಾಗ, ನಮ್ಮ ಸಭೆಯ ಒಬ್ಬ ಯುವತಿ ನನ್ನ ಹತ್ತಿರ ಬಂದು, ತನ್ನ ಸತ್ಯವೇದದೊಳಗೆ (ಬೈಬಲ್ಲಿನೊಳಗೆ) ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದ ಪತ್ರಿಕೆಯ ತುಣುಕನ್ನು ತೆಗೆದು ತೋರಿಸಿದಳು. ಅದು ಅದೇ ಪತ್ರ. ಕೊನೆಯ ವಾಕ್ಯದ ಕೆಳಗೆ ಪೆನ್ಸಿಲಿನ ಗೆರೆ ಇತ್ತು. "ಆಂಟಿ, ನನಗೆ ಯಾವತ್ತೂ ಹೀಗೆ ಆಗಲಿಲ್ಲ. ನಾನು ಸುಳ್ಳು ಕ್ರೈಸ್ತಳಾ?" ಎಂದು ಕೇಳಿದಳು. ಆಕೆ ಬೆಳಿಗ್ಗೆ ಐದಕ್ಕೆ ಏಳುತ್ತಾಳೆ. ಪಾರ್ಶ್ವವಾಯು ಹೊಡೆದು ಮಲಗಿರುವ ತಾಯಿಯ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಒಂಬತ್ತರ ಬಸ್ಸಿಗೆ ಪೇಟೆಗೆ ಬಂದು ಸಂಜೆಯವರೆಗೆ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಇಂಥವಳಿಗೆ ದೇವರು ದೂರ ಎಂದು ಹೇಳುವ ಧೈರ್ಯ ನನಗಂತೂ ಇಲ್ಲ, ಪತ್ರ ಬರೆದವರೂ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಆ ಮಾತು ಹೇಳುತ್ತಿರಲಿಲ್ಲ ಎಂದೇ ನಂಬಿದ್ದೇನೆ.

ಮೊದಲು ಪದಗಳ ಬಗ್ಗೆ ಒಂದು ಮಾತು. ನಾನು ಚಿಕ್ಕವಳಿದ್ದಾಗ ನಮ್ಮ ಸಭೆಯಲ್ಲಿ 'ದೇವರ ಪ್ರಸನ್ನತೆ' ಎಂಬ ಮಾತು ಈಗಿನ ಅರ್ಥದಲ್ಲಿ ಬಳಕೆಯಲ್ಲಿರಲಿಲ್ಲ. 'ದೇವರ ಸಾನ್ನಿಧ್ಯ' ಎನ್ನುತ್ತಿದ್ದರು, ಅದಕ್ಕಿಂತಲೂ ಹೆಚ್ಚಾಗಿ 'ದೇವರ ಸಮ್ಮುಖ' ಎನ್ನುತ್ತಿದ್ದರು. ಪ್ರಸನ್ನತೆ ಎಂದರೆ ಒಲಿಯುವುದು, ಮುಖ ಅರಳುವುದು. ಒಲಿಯುವುದು ಒಂದು ಗಳಿಗೆಯಲ್ಲಿ ಇರಬಹುದು, ಇನ್ನೊಂದು ಗಳಿಗೆಯಲ್ಲಿ ಇಲ್ಲದೆಯೂ ಹೋಗಬಹುದು, ಆದಕಾರಣ ಅದು 'ಬರುತ್ತದೆ', 'ಇಳಿಯುತ್ತದೆ', 'ಹೋಗುತ್ತದೆ'. ಸಾನ್ನಿಧ್ಯ ಎಂದರೆ ಬರೀ ಹತ್ತಿರವಿರುವುದು. ಸಮ್ಮುಖ ಎಂಬ ಪದದ ಒಳಗೆ ಮುಖವೇ ಕೂತಿದೆ. ಸತ್ಯವೇದದ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲೂ ಇದಕ್ಕೆ ಬರುವ ಪದ ಮುಖ ಎಂಬುದೇ. ಅದರಲ್ಲಿ ಬರುವ 139ನೆಯ ಕೀರ್ತನೆಯನ್ನು ಬರೆದವನು ಆ ಮುಖದಿಂದ ತಪ್ಪಿಸಿಕೊಂಡು ಎಲ್ಲಿಗೆ ಓಡಲಿ ಎಂದು ಕೇಳುತ್ತಾನೆ: ಆಕಾಶಕ್ಕೆ ಏರಿದರೂ ಅಲ್ಲಿದ್ದೀ, ಪಾತಾಳದಲ್ಲಿ ಹಾಸಿಗೆ ಹಾಸಿಕೊಂಡರೂ ಅಲ್ಲಿದ್ದೀ ಎನ್ನುತ್ತಾನೆ. ಗಮನಿಸಬೇಕಾದದ್ದು ಏನೆಂದರೆ, ಅವನು ಇದನ್ನು ಹೇಳುವಾಗ ಮೈ ಪುಳಕಗೊಂಡ ಸುದ್ದಿ ಎತ್ತುವುದಿಲ್ಲ. ತಪ್ಪಿಸಿಕೊಳ್ಳಲು ಆಗುತ್ತಿಲ್ಲ ಎಂಬುದೇ ಅವನ ಸಾಕ್ಷಿ. ನಮ್ಮ ಭಾಷೆಗೆ ಬಹುದೊಡ್ಡ ನಿಘಂಟನ್ನು 1894ರಲ್ಲಿ ಕೊಟ್ಟ ಫರ್ಡಿನಂಡ್ ಕಿಟ್ಟೆಲ್ ಅದೇ ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದವರು. ಸುಮಾರು 70 ಸಾವಿರ ಪದಗಳನ್ನು ಒಂದೊಂದಾಗಿ ಹೆಕ್ಕಿ, ಅರ್ಥ ಬರೆದು, ಕಣ್ಣು ಸವೆಸಿಕೊಂಡ ಆ ದಶಕಗಳಲ್ಲಿ ಅವರು ಎಷ್ಟು ದಿನ ದೇವರ ಸಮ್ಮುಖದಲ್ಲಿದ್ದರು, ಎಷ್ಟು ದಿನ ಇರಲಿಲ್ಲ ಎಂದು ಲೆಕ್ಕ ಹಾಕಲು ಹೊರಟರೆ ಎಷ್ಟು ವಿಚಿತ್ರವಾಗಿರುತ್ತದೆ ಎಂದು ಯೋಚಿಸಿದ್ದೇನೆ.

ನನ್ನ ಅಜ್ಜಿಗೆ ಈ ಪದಗಳ ಗೊಡವೆ ಇರಲಿಲ್ಲ. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲಿ ಎಷ್ಟೋ ಕ್ರೈಸ್ತ ಕುಟುಂಬಗಳ ಒಲೆ ಉರಿದದ್ದು ಆ ಕೆಂಪು ಮಣ್ಣಿನಿಂದ. ಅಜ್ಜ ಸಂಜೆ ಮನೆಗೆ ಬಂದಾಗ ಉಗುರಿನ ಸಂದಿಯಲ್ಲಿ ಆ ಮಣ್ಣು ಇರುತ್ತಿತ್ತು. ಎಷ್ಟು ತೊಳೆದರೂ ಹೋಗದು. ಚಿಮಣಿ ದೀಪ ಹಚ್ಚಿದ ಮೇಲೆ ಮನೆ ಪ್ರಾರ್ಥನೆ. ಅಜ್ಜಿಗೆ ಅಕ್ಷರ ಕೂಡಿಸಿ ಕೂಡಿಸಿ ಓದಲು ಬರುತ್ತಿತ್ತು, ಅಷ್ಟೇ. ಆದರೆ ಅವರ ನಿಜವಾದ ಪ್ರಾರ್ಥನೆ ನಡೆಯುತ್ತಿದ್ದದ್ದು ಅಡುಗೆಮನೆಯಲ್ಲಿ ಎಂದು ನನಗೆ ಬಹಳ ತಡವಾಗಿ ಹೊಳೆಯಿತು. ಗಂಜಿಗೆ ಅಕ್ಕಿ ಅಳೆದು ಪಾತ್ರೆಗೆ ಹಾಕಿದ ಮೇಲೆ, ನೀರು ಹೊಯ್ಯುವ ಮುಂಚೆ, ಅದರಿಂದ ಒಂದು ಹಿಡಿ ವಾಪಸ್ ತೆಗೆದು ಮೂಲೆಯಲ್ಲಿದ್ದ ತಗಡಿನ ಡಬ್ಬಕ್ಕೆ ಹಾಕುತ್ತಿದ್ದರು. ತಿಂಗಳ ಕೊನೆಗೆ ಆ ಹಿಡಿ ಅಕ್ಕಿ ಸಭೆಗೆ ಹೋಗುತ್ತಿತ್ತು, ಅಲ್ಲಿಂದ ವಿಧವೆಯರ ಮನೆಗೆ. ಅಕ್ಕಿ ಕಡಿಮೆ ಇದ್ದ ದಿನವೂ ಹಿಡಿ ತಪ್ಪುತ್ತಿರಲಿಲ್ಲ, ಹಿಡಿ ಮಾತ್ರ ಚಿಕ್ಕದಾಗುತ್ತಿತ್ತು. ಹಾಕುವಾಗ ತುಟಿ ಅಲುಗುತ್ತಿತ್ತು. ಏನು ಹೇಳುತ್ತೀರಿ ಎಂದು ಒಮ್ಮೆ ಕೇಳಿದಾಗ, "ಲೆಕ್ಕ ಒಪ್ಪಿಸುತ್ತಿದ್ದೇನೆ" ಎಂದರು. ಕೊಡುವುದು ಎಂಬ ಮಾತನ್ನು ಅವರು ಬಳಸಲೇ ಇಲ್ಲ.

ಈ ಪದ್ಧತಿ ನಮ್ಮ ಊರಿನದು ಮಾತ್ರವಲ್ಲ. ಮಿಜೋರಾಂನ ಸಭೆಗಳಲ್ಲಿ ಇದು 1910ರಿಂದ ನಡೆದುಬಂದು, ಮನೆಮನೆಯ ಹಿಡಿ ಅಕ್ಕಿಯಿಂದಲೇ ದೊಡ್ಡ ಸೇವಾಕಾರ್ಯಗಳು ನಡೆಯುತ್ತಿವೆ. ಇನ್ನು ಕನ್ನಡಿಗರಿಗೆ ಅಕ್ಕಿಯ ಲೆಕ್ಕದಲ್ಲಿ ದೇವರನ್ನು ಕಾಣುವ ಮಾತು ಹೊಸದೇ? ಹನ್ನೆರಡನೆಯ ಶತಮಾನದಲ್ಲಿ ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದವರೇ. ಲಕ್ಕಮ್ಮನ ಶಿವನೂ ನನ್ನಜ್ಜಿಯ ಯೇಸುವೂ ಒಂದೇ ಎಂದು ಹೇಳಿ ಎರಡೂ ಕಡೆಯವರನ್ನು ನೋಯಿಸುವ ಉದ್ದೇಶ ನನಗಿಲ್ಲ. ಆದರೆ ಇಬ್ಬರೂ ಒಲೆಯ ಮುಂದೆ ಕೂತೇ ದೇವರ ಕಣ್ಣಿಗೆ ಬಿದ್ದವರು ಎಂದು ನನಗೆ ಅನ್ನಿಸುತ್ತದೆ.

ನನ್ನ ವೃತ್ತಿಯ ಒಂದು ರಾತ್ರಿಯನ್ನು ಇಲ್ಲಿ ಹೇಳಬೇಕು. ಗಂಡಸರ ವಾರ್ಡಿನಲ್ಲಿ ನೈಟ್ ಡ್ಯೂಟಿ. ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ್ದ ಅರವತ್ತರ ಆಸುಪಾಸಿನ ಒಬ್ಬರಿದ್ದರು. ಮನೆಯಲ್ಲಿ ಕೆಲವು ದಿನ ಹಾಗೆಯೇ ಮಲಗಿಸಿದ್ದರಿಂದ ಬೆನ್ನಿನ ಕೆಳಗೆ ಅಂಗೈ ಅಗಲದ ಹಾಸಿಗೆ ಹುಣ್ಣಾಗಿತ್ತು. ಇಂಥವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು: ಎಡಕ್ಕೆ, ಅಂಗಾತ, ಬಲಕ್ಕೆ. ಅದರ ನಡುವೆ ಹುಣ್ಣನ್ನು ಸಲೈನಿನಿಂದ ತೊಳೆದು ಹತ್ತಿಬಟ್ಟೆ ಬದಲಿಸಬೇಕು. ವಾಸನೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆ ಕೆಲಸ ಮಾಡಿದವರಿಗೆ ಗೊತ್ತು. ಜೊತೆಗೆ ಡ್ರಿಪ್ ಇತ್ತು. 500 ಮಿಲಿಲೀಟರಿನ ಬಾಟಲಿ ಎಂಟು ಗಂಟೆಯಲ್ಲಿ ಇಳಿಯಬೇಕಾದರೆ ನಿಮಿಷಕ್ಕೆ ಸುಮಾರು 21 ಹನಿ ಬೀಳಬೇಕು; ಎದೆಗೆ ಸಿಕ್ಕಿಸಿಕೊಂಡ ಗಡಿಯಾರವನ್ನು ಎತ್ತಿ ಹಿಡಿದು, ಹನಿ ಎಣಿಸಿ, ಚಕ್ರವನ್ನು ಹದವಾಗಿ ತಿರುಗಿಸಬೇಕು. ಆ ದಿನಗಳಲ್ಲಿ ನನ್ನ ಮನಸ್ಸು ಬಹಳ ಒಣಗಿತ್ತು. ನನ್ನ ತಾಯಿ ಅದೇ ವರ್ಷ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಅವರು ಮಲಗಿದ್ದಾಗ ಹೊರಊರಿನಿಂದ ಬಂದಿದ್ದ ಒಬ್ಬ ಬೋಧಕರು, ಮನೆಯವರಲ್ಲಿ ನಂಬಿಕೆ ಸಾಲದ್ದರಿಂದ ಗುಣವಾಗುತ್ತಿಲ್ಲ ಎಂದು ಹಾಸಿಗೆಯ ಪಕ್ಕದಲ್ಲೇ ನಿಂತು ಹೇಳಿ ಹೋಗಿದ್ದರು. ಆ ಮೇಲೆ ಬಹಳ ಕಾಲ ನನಗೆ ಪ್ರಾರ್ಥನೆಗೆ ಮಾತು ಬರುತ್ತಿರಲಿಲ್ಲ.

ರಾತ್ರಿ ಎರಡು ಗಂಟೆಗೆ ಅವರ ಮಗ್ಗುಲು ಬದಲಿಸಿ, ಹುಣ್ಣು ತೊಳೆದು, ಹನಿ ಎಣಿಸುತ್ತ ನಿಂತಿದ್ದೆ. ಅವರು ಎಚ್ಚರವಾಗಿಯೇ ಇದ್ದರು. "ಯಾರ ಹತ್ತಿರ ಮಾತಾಡುತ್ತಿದ್ದೀ ಮಗಾ?" ಎಂದು ತುಳುವಿನಲ್ಲಿ ಕೇಳಿದರು. ನಾನು ಬೆಚ್ಚಿದೆ. ನನ್ನ ತುಟಿ ಅಲುಗುತ್ತಿತ್ತಂತೆ. ಹನಿ ಎಣಿಸುತ್ತಿದ್ದೆ ಎಂದೆ. "ಅಲ್ಲ, ಎಣಿಸುವುದು ನನಗೂ ಗೊತ್ತು, ಕಾಯಿ ಎಣಿಸಿದವನು ನಾನು. ನೀನು ಯಾರನ್ನೋ ಕರೆಯುತ್ತಿದ್ದೆ" ಎಂದರು. ಆಗಲೇ ನೆನಪಾದದ್ದು: ಒಂದು, ಎರಡು ಎನ್ನುವ ನಡುವೆ ನಾನು 'ಕರ್ತನೇ' ಎಂದು ಸೇರಿಸುತ್ತಿದ್ದೆ. ಯಾವಾಗ ಶುರುವಾಯಿತೋ ಗೊತ್ತಿಲ್ಲ, ಎಷ್ಟು ರಾತ್ರಿಗಳಿಂದ ನಡೆದಿತ್ತೋ ಅದೂ ಗೊತ್ತಿಲ್ಲ. ಪ್ರಾರ್ಥನೆ ನಿಂತುಹೋಯಿತು ಎಂದು ನಾನು ಕೊರಗುತ್ತಿದ್ದಷ್ಟು ಕಾಲವೂ ಅದು ನನ್ನನ್ನು ಕೇಳದೆಯೇ ನಡೆಯುತ್ತಿತ್ತು. "ಹಾಗಾದರೆ ನನ್ನ ಹೆಸರನ್ನೂ ಸೇರಿಸು" ಎಂದು ಹೇಳಿ ಅವರು ಕಣ್ಣು ಮುಚ್ಚಿದರು. ಹದಿನೆಂಟು ದಿನಗಳ ನಂತರ ಅವರನ್ನು ಮನೆಗೆ ಕರೆದೊಯ್ದರು. ಹುಣ್ಣು ಅರ್ಧ ಮಾಗಿತ್ತು, ಕಾಲಿಗೆ ಸ್ವಾಧೀನ ಬರಲಿಲ್ಲ. ಇದು ಸ್ವಸ್ಥತೆಯ ಸಾಕ್ಷಿಯಾಗಿ ವೇದಿಕೆಯಲ್ಲಿ ಹೇಳುವಂಥದ್ದಲ್ಲ.

ಆ ರಾತ್ರಿಯಿಂದ ನನಗೆ ಉಳಿದದ್ದು ಒಂದು ತಿಳಿವಳಿಕೆ. ಸಾನ್ನಿಧ್ಯವು ಇರುವಾಗ ಗೊತ್ತಾಗುವುದಕ್ಕಿಂತ, ಆಮೇಲೆ ತಿರುಗಿ ನೋಡಿದಾಗ ಗೊತ್ತಾಗುವುದೇ ಹೆಚ್ಚು. ಸತ್ಯವೇದವನ್ನು ಈ ಕಣ್ಣಿನಿಂದ ಓದಿದರೆ ಹಾಗೆಯೇ ಕಾಣುತ್ತದೆ. ಅಣ್ಣನಿಗೆ ಹೆದರಿ ಓಡುತ್ತಿದ್ದ ಯಾಕೋಬನು ಕಲ್ಲನ್ನು ತಲೆದಿಂಬಾಗಿಟ್ಟುಕೊಂಡು ಮಲಗಿ, ಬೆಳಿಗ್ಗೆ ಎದ್ದ ಮೇಲೆ, ಯೆಹೋವನು ಈ ಸ್ಥಳದಲ್ಲಿದ್ದದ್ದು ನನಗೆ ತಿಳಿಯಲೇ ಇಲ್ಲ ಎನ್ನುತ್ತಾನೆ. ಎಮ್ಮಾಹು ಎಂಬ ಊರಿನ ದಾರಿಯಲ್ಲಿ ಇಬ್ಬರು ಶಿಷ್ಯರು ಪುನರುತ್ಥಾನಗೊಂಡ ಯೇಸುವಿನ ಜೊತೆಗೇ ನಡೆದು ಮಾತಾಡಿದರೂ ಅಪರಿಚಿತನೆಂದೇ ತಿಳಿದಿದ್ದರು. ಊಟಕ್ಕೆ ಕೂತು ರೊಟ್ಟಿ ಮುರಿದಾಗ ಗುರುತು ಸಿಕ್ಕಿತು, ಗುರುತು ಸಿಕ್ಕಿದೊಡನೆ ಆತನು ಕಾಣದೆ ಹೋದನು. ದಾರಿಯಲ್ಲಿ ಹೃದಯ ಕುದಿಯಿತಲ್ಲವೇ ಎಂದು ಅವರು ಮಾತಾಡಿಕೊಂಡದ್ದು ಆಮೇಲೆ. ದೇವರ ಮಹಿಮೆಯನ್ನು ತೋರಿಸು ಎಂದು ಬೇಡಿದ ಮೋಶೆಗೆ ಬಂಡೆಯ ಸಂದಿನಲ್ಲಿ ನಿಂತು ಸಿಕ್ಕಿದ್ದು ಬೆನ್ನಿನ ದರ್ಶನ ಮಾತ್ರ. ಸಮ್ಮುಖದಲ್ಲಿ ಇರುವುದು ಬೇರೆ, ಮುಖವನ್ನು ಕಾಣುವುದು ಬೇರೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ತಪ್ಪಿದ್ದರೆ ತಿಳಿದವರು ತಿದ್ದಲಿ.

ಇದು ನನ್ನೊಬ್ಬಳ ಸಮಾಧಾನದ ಮಾತಲ್ಲ ಎಂದು ತೋರಿಸಲು, ಹದಿನೇಳನೆಯ ಶತಮಾನದ ಒಬ್ಬ ಅಡುಗೆಯವನನ್ನು ಕರೆಯುತ್ತೇನೆ. ಫ್ರಾನ್ಸಿನ ಲೊರೇನ್ ಸೀಮೆಯ ನಿಕೊಲಾ ಎರ್ಮಾನ್ ಬಡವರ ಮನೆಯ ಹುಡುಗ, ಸೈನ್ಯದಲ್ಲಿದ್ದು ಕಾಲಿಗೆ ಗಾಯವಾಗಿ ಹಿಂತಿರುಗಿದವನು. ಆಮೇಲೆ ಒಂದು ಮನೆಯಲ್ಲಿ ಊಳಿಗಕ್ಕಿದ್ದಾಗ ಕೈಗೆ ಸಿಕ್ಕಿದ್ದೆಲ್ಲವನ್ನೂ ಒಡೆಯುವ ಎಡವಟ್ಟಿನವನೆಂದು ತನ್ನನ್ನು ತಾನೇ ಹೇಳಿಕೊಂಡವನು. 1640ರಲ್ಲಿ ಪ್ಯಾರಿಸ್ಸಿನಲ್ಲಿ ಕಥೋಲಿಕ ಸನ್ಯಾಸಿಗಳ ಕಾರ್ಮೆಲ್ ಮಠ ಸೇರಿ ಸಹೋದರ ಲಾರೆನ್ಸ್ ಎಂಬ ಹೆಸರು ಪಡೆದ. ಓದು ಬರಹ ಹೆಚ್ಚಿಲ್ಲದ್ದರಿಂದ ಗುರುಪಟ್ಟ ಸಿಗಲಿಲ್ಲ, ಅಡುಗೆಮನೆ ಸಿಕ್ಕಿತು. ಅವನಿಗೆ ಸ್ವಭಾವತಃ ಅಡುಗೆಯ ಕೆಲಸ ಕಂಡರೆ ಆಗುತ್ತಿರಲಿಲ್ಲ. ಆದರೂ ಸುಮಾರು ಹದಿನೈದು ವರ್ಷ ಅಲ್ಲೇ ದುಡಿದು, ಕಾಲು ಪೂರ್ತಿ ಕೈಕೊಟ್ಟ ಮೇಲೆ ಕೂತಲ್ಲೇ ಮಠದವರ ಚಪ್ಪಲಿ ಹೊಲಿದ. ಮಠಕ್ಕೆ ದ್ರಾಕ್ಷಾರಸ ಖರೀದಿಸಲು ದೋಣಿಯಲ್ಲಿ ದೂರದ ಬರ್ಗಂಡಿಗೆ ಕಳಿಸಿದಾಗ, ಕುಂಟುವ ಕಾಲಿನಿಂದ ನಡೆಯಲಾಗದೆ ಪೀಪಾಯಿಗಳ ಮೇಲೆ ಉರುಳಿಕೊಂಡು ಓಡಾಡುತ್ತಿದ್ದನಂತೆ. ವ್ಯಾಪಾರವೂ ಅವನಿಗೆ ಬಾರದು. ಆದರೂ ದೇವರೇ, ಇದು ನಿನ್ನ ಕೆಲಸ ಎಂದು ಹೇಳಿಕೊಂಡು ಹೋದ, ಕೆಲಸ ಹೇಗೋ ಆಯಿತು. 1691ರಲ್ಲಿ ತೀರಿಕೊಂಡ ಮೇಲೆ ಅವನ ಕೆಲವು ಕಾಗದಗಳನ್ನೂ ಮಾತುಕತೆಗಳನ್ನೂ ಒಬ್ಬ ಪಾದ್ರಿ ಸಂಗ್ರಹಿಸಿ ಪ್ರಕಟಿಸದಿದ್ದರೆ ಅವನ ಸುದ್ದಿ ಮಠದ ಗೋಡೆ ದಾಟುತ್ತಿರಲಿಲ್ಲ.

ಅವನು ಹೇಳುವುದರ ತಿರುಳು ಇಷ್ಟು: ಪ್ರಾರ್ಥನೆಯ ಹೊತ್ತು, ಕೆಲಸದ ಹೊತ್ತು ಎಂದು ಬೇರೆ ಬೇರೆ ಇಲ್ಲ, ಪಾತ್ರೆಗಳ ಸದ್ದಿನ ನಡುವೆ, ನಾಲ್ಕು ಜನ ನಾಲ್ಕು ಕೆಲಸ ಹೇಳುವಾಗಲೂ, ಗುಡಿಯಲ್ಲಿ ಮೊಣಕಾಲೂರಿದಾಗ ಇರುವಷ್ಟೇ ದೇವರ ಹತ್ತಿರ ಇರಬಹುದು. ಇದನ್ನು ನಮ್ಮ ಕಡೆಯ ಪ್ರಸಂಗಿಗಳು ಆಗಾಗ ಉದಾಹರಿಸುತ್ತಾರೆ. ಆದರೆ ಅವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಯೊಂದಿದೆ. ಮಠ ಸೇರಿದ ಮೊದಲ ಹತ್ತು ವರ್ಷ ಲಾರೆನ್ಸನಿಗೆ ನೆಮ್ಮದಿ ಇರಲಿಲ್ಲ. ದೇವರು ತನ್ನನ್ನು ತಳ್ಳಿಬಿಟ್ಟಿದ್ದಾನೆ ಎಂಬ ಭಯದಲ್ಲೇ ಒದ್ದಾಡಿದ. ಹತ್ತು ವರ್ಷ! ಆ ಪತ್ರದ ಮಾನದಂಡದಂತೆ ಅಷ್ಟೂ ವರ್ಷ ಅವನು ಹೆಸರಿಗೆ ಮಾತ್ರ ಕ್ರೈಸ್ತ. ಹಳೆಯ ಒಡಂಬಡಿಕೆಯಲ್ಲಿ ಮಹಾಯಾಜಕನ ಹಣೆಯ ಮೇಲಿನ ಚಿನ್ನದ ಪಟ್ಟಿಯಲ್ಲಿ ಕೆತ್ತಿದ 'ಯೆಹೋವನಿಗೆ ಪರಿಶುದ್ಧ' ಎಂಬ ಬರಹವೇ ಮುಂದೊಂದು ದಿನ ಕುದುರೆಗಳ ಗಂಟೆಗಳ ಮೇಲೂ ಇರುತ್ತದೆ, ಯೆರೂಸಲೇಮಿನ ಅಡುಗೆ ಪಾತ್ರೆಗಳೆಲ್ಲ ಪವಿತ್ರವಾಗುತ್ತವೆ ಎಂದು ಪ್ರವಾದಿ ಜೆಕರ್ಯ ಹೇಳುತ್ತಾನೆ. ಲಾರೆನ್ಸನ ಬಾಣಲೆಯೂ ನನ್ನಜ್ಜಿಯ ಗಂಜಿ ಪಾತ್ರೆಯೂ ಆ ಮಾತಿನೊಳಗೆ ಸೇರಿವೆ ಎಂದು ನಾನು ಎಣಿಸಿದ್ದೇನೆ.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಕೋಲ್ಕತ್ತದ ಮದರ್ ತೆರೇಸಾ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ ಅವರಿಗೆ ಬಡವರ ನಡುವೆ ಹೋಗು ಎಂಬ ಕರೆ ಬಂದದ್ದು ಎಲ್ಲರಿಗೂ ಗೊತ್ತು. ಅವರು ತೀರಿಕೊಂಡ ಹತ್ತು ವರ್ಷಗಳ ಮೇಲೆ, 2007ರಲ್ಲಿ, ತಮ್ಮ ಗುರುಗಳಿಗೆ ಗುಟ್ಟಾಗಿ ಬರೆದ ಪತ್ರಗಳು ಹೊರಬಂದಾಗ ಜಗತ್ತಿಗೆ ತಿಳಿದ ವಿಚಾರವೆಂದರೆ, ಆ ಕೆಲಸ ಶುರು ಮಾಡಿದ ಮೇಲೆ ದಶಕಗಟ್ಟಲೆ ಅವರಿಗೆ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲ; ಒಳಗೆ ಬರೀ ಕತ್ತಲೆ. ಕೆಲವರು ಇದನ್ನು ಕಪಟವೆಂದರು. ಸಾಯುವವರ ಬಾಯಿಗೆ ನೀರು ಬಿಟ್ಟ ಅನುಭವವಿರುವ ನನಗೆ ಹಾಗೆ ಅನ್ನಿಸಲಿಲ್ಲ. ಏನೂ ಅನ್ನಿಸದಿದ್ದರೂ ಬೆಳಿಗ್ಗೆ ಎದ್ದು ಹೋಗಿ ಆ ಕೆಲಸ ಮಾಡುವುದು, ಅನ್ನಿಸಿದಾಗ ಮಾಡುವುದಕ್ಕಿಂತ ಬಲು ಕಷ್ಟ. ಅವರ ಸಂಸ್ಥೆಯ ಆಸ್ಪತ್ರೆ ವ್ಯವಸ್ಥೆಯ ಬಗ್ಗೆ ಟೀಕೆಗಳಿವೆ, ನರ್ಸ್ ಆಗಿ ಅವುಗಳಲ್ಲಿ ಕೆಲವನ್ನು ನಾನೂ ಒಪ್ಪುತ್ತೇನೆ. ಅದು ಬೇರೆ ಚರ್ಚೆ.

ಹಾಗೆಂದು ಕಣ್ಣೀರಿನ ಪ್ರಾರ್ಥನೆಯನ್ನು ಹಗುರವಾಗಿ ಕಾಣುವವಳಲ್ಲ ನಾನು. 150ನೆಯ ಕೀರ್ತನೆಯಲ್ಲಿ ಝಲ್ಲೆನ್ನುವ ತಾಳಗಳಿವೆ. ಇಡೀ ರಾತ್ರಿಯ ಕೂಟಗಳಿಗೆ ಹೋಗುವವರಲ್ಲಿ ಎಷ್ಟೋ ಮಂದಿ ಕೂಲಿ ಮಾಡುವ ಹೆಂಗಸರು. ವಾರವಿಡೀ ಯಾರೂ ಹೆಸರು ಹಿಡಿದು ಕರೆಯದ ಅವರ ತಲೆಯ ಮೇಲೆ ಅಲ್ಲಿ ಒಬ್ಬರು ಕೈಯಿಟ್ಟು, ಅವರ ಹೆಸರು ಹೇಳಿ, ಅವರಿಗಾಗಿ ಅಳುತ್ತಾರೆ. ನಮ್ಮಂಥ ಹಳೆಯ ಸಭೆಗಳು ಗಡಿಯಾರ ನೋಡಿ ಆರಾಧನೆ ಮುಗಿಸಿ ಮನೆಗೆ ಹೋಗುವಾಗ ಅವರನ್ನು ಕೇಳಿದವರು ಯಾರು? ಈ ತಪ್ಪು ನಮ್ಮದು. ಪಂಡಿತಾ ರಮಾಬಾಯಿಯವರನ್ನು ನೆನೆಯಿರಿ. 1858ರಲ್ಲಿ ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿ, ದೇಶವೆಲ್ಲ ನಡೆದು, ಕ್ರಿಸ್ತನನ್ನು ನಂಬಿ, ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಬರಗಾಲಕ್ಕೆ ಸಿಕ್ಕಿದ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ತಂದು ಸಾಕಿದವರು ಅವರು. ಅಲ್ಲಿನ ಮುಕ್ತಿ ಆಶ್ರಮದಲ್ಲಿ 1905ರಲ್ಲಿ ದೊಡ್ಡ ಉಜ್ಜೀವನ, ಅಂದರೆ ಆತ್ಮಿಕ ಜಾಗೃತಿ, ನಡೆಯಿತು. ಹುಡುಗಿಯರು ಅತ್ತರು, ನಡುಗಿದರು, ಗಂಟೆಗಟ್ಟಲೆ ಪ್ರಾರ್ಥಿಸಿದರು. ರಮಾಬಾಯಿ ಅದನ್ನು ತಡೆಯಲಿಲ್ಲ. ಆದರೆ ಅದೇ ಹುಡುಗಿಯರು ಹೊಲದಲ್ಲಿ ದುಡಿದರು, ಹಾಲು ಕರೆದರು, ನೇಯ್ದರು. ರಮಾಬಾಯಿಯವರು ಮರಾಠಿಗೆ ಅನುವಾದಿಸಿದ ಸತ್ಯವೇದಕ್ಕೆ ಅಚ್ಚುಮೊಳೆ ಜೋಡಿಸಿದವರೂ ಆಶ್ರಮದ ಹೆಂಗಸರೇ. 1922ರಲ್ಲಿ ತೀರಿಕೊಳ್ಳುವ ಮುಂಚಿನ ದಿನಗಳವರೆಗೂ ರಮಾಬಾಯಿ ಆ ಕರಡು ತಿದ್ದುತ್ತಿದ್ದರು. ಉಜ್ಜೀವನದ ಮಾತು ಎತ್ತುವವರು 1905ನ್ನು ಮಾತ್ರ ಹೇಳಿ, ಮೊಳೆ ಜೋಡಿಸಿದ ವರ್ಷಗಳನ್ನು ಬಿಟ್ಟುಬಿಡುತ್ತಾರೆ.

ಇಲ್ಲಿ ಇನ್ನೊಂದು ಕಡೆಯಿಂದಲೂ ಎಚ್ಚರ ಬೇಕು. ಕೆಲಸದಲ್ಲೇ ದೇವರಿದ್ದಾನೆ ಎಂಬ ಮಾತು ಕೆಲಸ ಮಾಡಿಸಿಕೊಳ್ಳುವವರಿಗೆ ಬಹಳ ಇಷ್ಟ. ನಾನು ದುಡಿದ ಒಂದು ಕಡೆ, ಮೂರು ತಿಂಗಳು ಸಂಬಳ ತಡವಾದಾಗ ಕೇಳಲು ಹೋದ ನಮ್ಮನ್ನು ಕೂರಿಸಿ, ನಿಮ್ಮದು ನೌಕರಿಯಲ್ಲ, ಸೇವೆ ಎಂದು ಅರ್ಧ ಗಂಟೆ ಪ್ರಸಂಗ ಮಾಡಿ ಕಳಿಸಿದ್ದರು. ಪ್ರಸಂಗಕ್ಕೆ ಮುಂಚೆ ಪ್ರಾರ್ಥನೆಯೂ ಆಯಿತು. ಆ ದಿನ ಮನೆಗೆ ಬಂದು ನಾನು ಸತ್ಯವೇದದಲ್ಲಿ ಯಾಕೋಬನೆಂಬ ಇನ್ನೊಬ್ಬನು ಬರೆದ ಪತ್ರದ ಐದನೆಯ ಅಧ್ಯಾಯ ತೆಗೆದೆ: ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬೀಳುತ್ತದೆ ಎಂದು ಅಲ್ಲಿದೆ. ಬಾಕಿ ಉಳಿದ ಸಂಬಳಕ್ಕೂ ದೇವರ ಸಮ್ಮುಖದಲ್ಲಿ ನಿಂತು ಕೂಗುವ ಹಕ್ಕಿದೆ ಎಂದಾಯಿತು. ಮರುದಿನ ನಾವು ಮತ್ತೆ ಹೋಗಿ ಕೇಳಿದೆವು.

ದಿನದ ಬದುಕಿನಲ್ಲಿ ದೇವರನ್ನು ಗುರುತಿಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ದೊಡ್ಡ ಉಪಾಯಗಳಿಲ್ಲ. ನಮ್ಮ ಪಕ್ಕದ ಮನೆಯವರು ಕೊಂಕಣಿ ಕಥೋಲಿಕರು. ಸಂಜೆ ಇಗರ್ಜಿಯಲ್ಲಿ ಆಮೊರಿ, ಅಂದರೆ ಸಂಜೆಯ ಪ್ರಾರ್ಥನೆಯ ಗಂಟೆ, ಬಾರಿಸಿದಾಗ ಆ ಮನೆಯ ಅಜ್ಜಿ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದರು. ರಾತ್ರಿ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಮುಗಿದ ಮೇಲೆ ಮಕ್ಕಳು ದೊಡ್ಡವರ ಮುಂದೆ ಕೈ ಜೋಡಿಸಿ ಬೆಸಾಂವ್ (ಆಶೀರ್ವಾದ) ಕೇಳುತ್ತಿದ್ದರು. ಅವರ ಮನೆಗೆ ಬರುತ್ತಿದ್ದ ಜೆಸ್ವಿತ್ ಪಾದ್ರಿಯೊಬ್ಬರಿಂದ ನಾನು ಕಲಿತದ್ದು, ಹದಿನಾರನೆಯ ಶತಮಾನದಲ್ಲಿ ಜೆಸ್ವಿತ್ ಸಂಘವನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲಾ ತಮ್ಮವರಿಗೆ ಕಡ್ಡಾಯ ಮಾಡಿದ ಒಂದು ಅಭ್ಯಾಸ: ಮಲಗುವ ಮುಂಚೆ ದಿನವನ್ನು ಬೆಳಗಿನಿಂದ ಒಂದು ಸಲ ತಿರುವಿ ನೋಡುವುದು, ಎಲ್ಲಿ ದೇವರ ಕೈ ಇತ್ತು, ಎಲ್ಲಿ ನಾನು ಮುಖ ತಿರುಗಿಸಿದೆ ಎಂದು ಕೇಳಿಕೊಳ್ಳುವುದು. ಐದು ನಿಮಿಷ ಸಾಕು. ಹೆಚ್ಚಿನ ದಿನ ನನಗೆ ಸಿಗುವುದು ಸಣ್ಣಪುಟ್ಟದ್ದು. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಕಾಲೇಜು ಹುಡುಗ. ಗೇಟಿನ ಹತ್ತಿರ ಬಂದ ಮೀನಿನವಳ ಜೊತೆ ಐದು ರೂಪಾಯಿಗಾಗಿ ನಾನು ಮಾಡಿದ ಜಗಳ. ಅವಳ ಮುಖ ಆಗ ಕಂಡಿರಲಿಲ್ಲ, ರಾತ್ರಿ ಹಾಸಿಗೆಯಲ್ಲಿ ಕಂಡಿತು. ಮರುದಿನ ಅವಳಿಗೆ ಆ ಐದು ರೂಪಾಯಿ ಕೊಟ್ಟೆ. ಅವಳಿಗೆ ಅದು ನೆನಪೇ ಇರಲಿಲ್ಲ, ನನ್ನನ್ನು ನೋಡಿ ನಕ್ಕಳು.

ಆ ಯುವತಿಗೆ ನಾನು ಅಂದು ಇಷ್ಟೆಲ್ಲ ಹೇಳಲಿಲ್ಲ. ಅಂಗಳದಲ್ಲಿ ನಿಂತು ಇಷ್ಟು ಹೇಳಲು ಆಗುವುದೂ ಇಲ್ಲ. ಬೆಳಿಗ್ಗೆ ಎದ್ದಲ್ಲಿಂದ ಏನೇನು ಮಾಡುತ್ತೀ ಎಂದು ಮಾತ್ರ ಕೇಳಿದೆ. ಅವಳು ಹೇಳುತ್ತಾ ಹೋದಳು: ತಾಯಿಯನ್ನು ಮಗ್ಗುಲು ಬದಲಿಸುವುದು, ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಣ್ಣೆ ಹಚ್ಚುವುದು, ಅಂಗಡಿಯಲ್ಲಿ ಯಂತ್ರದ ಮುಂದೆ ಕೂತು ಮೊದಲ ಸೂಜಿಗೆ ದಾರ ಪೋಣಿಸುವಾಗ ತಾಯಿಯ ಹೆಸರನ್ನು ಮನಸ್ಸಿನಲ್ಲೇ ಒಮ್ಮೆ ಹೇಳುವುದು. "ಅದು ಅಭ್ಯಾಸ ಆಗಿದೆ ಆಂಟಿ, ಪ್ರಾರ್ಥನೆ ಅಂತ ಅಲ್ಲ" ಎಂದಳು. ಯಾರಿಗೆ ಹೇಳುತ್ತೀ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಆ ತುಣುಕನ್ನು ಮತ್ತೆ ಮಡಚಿ ಸತ್ಯವೇದದೊಳಗೇ ಇಟ್ಟುಕೊಂಡಳು, ಎಸೆಯಲಿಲ್ಲ.

ಪತ್ರ ಬರೆದ ಆ ವಿಶ್ವಾಸಿಯವರ ಮೇಲೆ ನನಗೆ ಕೋಪವಿಲ್ಲ. ಅವರು ಕರಾವಳಿಯ ಕಡೆ ಬಂದರೆ ತಮ್ಮ ಕಚೇರಿಯಿಂದ ನನ್ನ ವಿಳಾಸ ಪಡೆಯಬಹುದು, ಇದಕ್ಕೆ ನನ್ನ ಒಪ್ಪಿಗೆ ಇದೆ. ಇಬ್ಬರೂ ಹೋಗಿ ಆ ಹುಡುಗಿಯ ತಾಯಿಯನ್ನು ನೋಡಿಕೊಂಡು ಬರೋಣ. ಬೆಳಿಗ್ಗೆ ಎಂಟರ ಒಳಗೆ ಹೋಗಬೇಕು, ಆಮೇಲೆ ಆಕೆಗೆ ಬಸ್ಸು ತಪ್ಪುತ್ತದೆ.

ಇತಿ,
ತಮ್ಮ ಪತ್ರಿಕೆಯ ಹಳೆಯ ಓ​ದುಗರಲ್ಲೊಬ್ಬಳು, ನಿವೃತ್ತ ನರ್ಸ್
ಉಡುಪಿ ಜಿಲ್ಲೆ